ಪದೇ ಪದೇ ಮೇಲ್ ನೋಡುವ ಚಟ: ಪದೇ ಪದೇ ಕೇಳುವ ಪ್ರಶ್ನೆಗಳು

ಆಫೀಸಿನ ಮೇಲ್ ಇಲ್ಲದೆ ಕೆಲಸ ಸಾಗದವರಿಗಾಗಿ ಇದನ್ನು ಬರೆದಿದೆ. ವೈಟ್‌ಫೀಲ್ಡ್‌ನ ಐಟಿ ಕಂಪನಿಯಾಗಲಿ, ಜಯನಗರದ ಆಡಿಟರ್ ಕಚೇರಿಯಾಗಲಿ, ಪೀಣ್ಯದ ಕಾರ್ಖಾನೆಯ ಪರ್ಚೇಸ್ ವಿಭಾಗವಾಗಲಿ, ತೊಂದರೆ ಒಂದೇ. ಮನಸ್ಸು ಗಟ್ಟಿ ಮಾಡಿಕೊಳ್ಳಿ ಎಂಬ ಉಪದೇಶ ಇಲ್ಲಿ ಸಿಗುವುದಿಲ್ಲ. ಮೊದಲು ತುರ್ತು ವಿಷಯಕ್ಕೆ ಬೇರೆ ದಾರಿ ಮಾಡಿ, ಆಮೇಲೆ ಮೇಲ್ ಮುಚ್ಚಿ ಎನ್ನುವುದಷ್ಟೇ ನಮ್ಮ ಮಾತು. ಈ ಎರಡರ ಕ್ರಮ ತಲೆಕೆಳಗಾದರೆ ಮೂರನೇ ದಿನಕ್ಕೆ ಎಲ್ಲವೂ ಹಳೆಯ ಸ್ಥಿತಿಗೇ ಬರುತ್ತದೆ.

ದಿನಕ್ಕೆ ಎಷ್ಟು ಸಲ ನೋಡಿದರೆ ಚಟ ಎನ್ನಬೇಕು?

ಎಷ್ಟು ಸಲ ಎನ್ನುವುದಕ್ಕಿಂತ ನೋಡಿದ ಮೇಲೆ ಏನು ಮಾಡಿದಿರಿ ಎನ್ನುವುದು ಮುಖ್ಯ. ತೆರೆದಿರಿ, ಕಣ್ಣಾಡಿಸಿದಿರಿ, ಯಾವುದಕ್ಕೂ ಉತ್ತರ ಬರೆಯದೆ ಮುಚ್ಚಿದಿರಿ ಎಂದರೆ ಅದು ಕೆಲಸವಲ್ಲ. ಓದಿದ ಮೇಲನ್ನೇ ಮತ್ತೆ ಮತ್ತೆ ಓದುವುದು, ಲಿಫ್ಟ್‌ನಲ್ಲಿ ನಾಲ್ಕು ಮಹಡಿ ಇಳಿಯುವಷ್ಟರಲ್ಲಿ ಫೋನ್ ಜೇಬಿನಿಂದ ಹೊರಗೆ ಬರುವುದು, ಹೊಸ ಮೇಲ್ ಏನೂ ಇಲ್ಲದಾಗ ಪರದೆಯನ್ನು ಕೆಳಗೆಳೆದು ರಿಫ್ರೆಶ್ ಮಾಡುವುದು: ಈ ಮೂರರಲ್ಲಿ ಎರಡಿದ್ದರೂ ಮುಂದಿನದನ್ನು ಓದಿ.

ಅಳೆಯಲೇಬೇಕು ಎಂದಿದ್ದರೆ ಎರಡು ಕೆಲಸದ ದಿನ ಏನನ್ನೂ ಬದಲಿಸದೆ ಲೆಕ್ಕ ಇಡಿ. ಆಂಡ್ರಾಯ್ಡ್‌ನಲ್ಲಿ ಸೆಟ್ಟಿಂಗ್ಸ್, ಡಿಜಿಟಲ್ ವೆಲ್‌ಬೀಯಿಂಗ್, ಡ್ಯಾಶ್‌ಬೋರ್ಡ್‌ಗೆ ಹೋದರೆ ಯಾವ ಆ್ಯಪ್ ಎಷ್ಟು ಸಲ ತೆರೆದಿರಿ ಎಂದು ತೋರಿಸುತ್ತದೆ. ಐಫೋನ್‌ನ ಸ್ಕ್ರೀನ್ ಟೈಮ್‌ನಲ್ಲಿ ಫೋನ್ ಕೈಗೆತ್ತಿಕೊಂಡ ಕೂಡಲೇ ಮೊದಲು ತೆರೆದ ಆ್ಯಪ್ ಯಾವುದು ಎನ್ನುವುದೂ ಇರುತ್ತದೆ, ಅದು ಇನ್ನೂ ಚುರುಕಾದ ಸಾಕ್ಷಿ. ಲ್ಯಾಪ್‌ಟಾಪ್‌ಗೆ ಕಾಗದವೇ ಸಾಕು: ಪ್ರತಿ ಸಲ ತೆರೆದಾಗ ಒಂದು ಗೆರೆ, ಉತ್ತರ ಬರೆದಿದ್ದರೆ ಆ ಗೆರೆಗೆ ಒಂದು ಸುತ್ತು. ಸುತ್ತಿಲ್ಲದ ಗೆರೆಗಳೇ ನೀವು ಉಳಿಸಬಹುದಾದ ಹೊತ್ತು.

ಮೇಲ್‌ಗೇ ಯಾಕೆ ಕೈ ಹೋಗುತ್ತದೆ? ಬೇರೆ ಆ್ಯಪ್‌ಗಳೂ ಇವೆಯಲ್ಲ?

ಇನ್‌ಬಾಕ್ಸ್ ತೆರೆದಾಗ ಹತ್ತರಲ್ಲಿ ಒಂಬತ್ತು ಸಲ ಏನೂ ಇರುವುದಿಲ್ಲ, ಒಮ್ಮೆ ಮಾತ್ರ ಏನೋ ಇರುತ್ತದೆ: ಕ್ಲೈಂಟ್ ಒಪ್ಪಿಗೆ, ಸಂಬಳದ ಹೈಕ್‌ನ ಪತ್ರ, ಅಥವಾ ಬೈಗುಳ. ಯಾವ ಸಲ ಎಂದು ಮೊದಲೇ ಗೊತ್ತಾಗುವುದಿಲ್ಲ. ಯಾವಾಗ ಬರುತ್ತದೆಂದು ಹೇಳಲಾಗದ ಪ್ರತಿಫಲವೇ ಅಭ್ಯಾಸವನ್ನು ಅತಿ ಗಟ್ಟಿಯಾಗಿ ಕೂರಿಸುತ್ತದೆ ಎಂದು ಮನಶ್ಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ ಪಾರಿವಾಳಗಳ ಮೇಲೆ ಪ್ರಯೋಗ ಮಾಡಿ ತೋರಿಸಿದ್ದರು. ಪ್ರತಿ ಸಲ ಕಾಳು ಸಿಕ್ಕರೆ ಹಕ್ಕಿ ಹೊಟ್ಟೆ ತುಂಬಿದ ಮೇಲೆ ನಿಲ್ಲಿಸುತ್ತದೆ, ಆಗೊಮ್ಮೆ ಈಗೊಮ್ಮೆ ಸಿಕ್ಕರೆ ಕುಕ್ಕುತ್ತಲೇ ಇರುತ್ತದೆ.

ಎರಡನೆಯ ಕಾರಣವನ್ನು ಜನ ಅಷ್ಟಾಗಿ ಒಪ್ಪುವುದಿಲ್ಲ. ಮೇಲ್ ನೋಡುವುದು ಕೆಲಸದ ಹಾಗೆ ಕಾಣುತ್ತದೆ. ಇನ್‌ಸ್ಟಾಗ್ರಾಮ್ ತೆರೆದರೆ ಪಕ್ಕದ ಸೀಟಿನವರು ನೋಡಿಯಾರು ಎಂಬ ಅಳುಕಿರುತ್ತದೆ, ಔಟ್‌ಲುಕ್ ತೆರೆದರೆ ಅದೂ ಇಲ್ಲ. ನಿಮ್ಮ ಗೆರೆಗಳ ಪಕ್ಕದಲ್ಲಿ ಆ ಹೊತ್ತು ಏನು ಮಾಡುತ್ತಿದ್ದಿರಿ ಎಂದು ಒಂದೊಂದು ಪದ ಬರೆದು ನೋಡಿ. ಕೋಡ್‌ನಲ್ಲಿ ಬಗ್ ಸಿಗದಾಗ, ಪ್ರಪೋಸಲ್‌ನ ಮೂರನೇ ಪ್ಯಾರಾ ಹೊಳೆಯದಾಗ, ಎಕ್ಸೆಲ್‌ನ ಮೊತ್ತ ತಾಳೆಯಾಗದಾಗ ಕೈ ಅತ್ತ ಹೋಗಿರುತ್ತದೆ. ಕಷ್ಟದ ಕೆಲಸದಿಂದ ಎದ್ದು ಹೋಗಲು ಸಿಕ್ಕ ಮರ್ಯಾದಸ್ಥ ಬಾಗಿಲು ಅದು.

‘ಸುಮ್ನೆ ಒಂದ್ಸಲ ನೋಡ್ಬಿಡ್ತೀನಿ’ ಅಂದರೆ ನಷ್ಟ ಎಷ್ಟು? ಹತ್ತು ಸೆಕೆಂಡ್ ತಾನೆ?

ನೋಡಲು ಹತ್ತು ಸೆಕೆಂಡ್, ಮರಳಲು ಹೆಚ್ಚು. ಇಂಗ್ಲೆಂಡಿನ ಲಫ್‌ಬರೋ ವಿಶ್ವವಿದ್ಯಾಲಯದ ಸಂಶೋಧಕರು ಒಂದು ಕಂಪನಿಯ ನೌಕರರನ್ನು ಗಮನಿಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಂದ ಮೇಲ್‌ಗಳಲ್ಲಿ ಶೇ 70ರಷ್ಟಕ್ಕೆ ಜನ 6 ಸೆಕೆಂಡಿನೊಳಗೆ ತಿರುಗಿದ್ದರು. ಅಂದರೆ ಫೋನ್ ರಿಂಗ್ ಆದಾಗ ಎತ್ತುವಷ್ಟೇ ಚುರುಕು. ಮೇಲ್ ನೋಡಿ ಮುಗಿಸಿ ಹಿಂದಿನ ಕೆಲಸದ ಓಟಕ್ಕೆ ಮರಳಲು ಸರಾಸರಿ 64 ಸೆಕೆಂಡ್ ಹಿಡಿದಿತ್ತು. ಇದು ಸಾಧಾರಣ ಕಚೇರಿ ಕೆಲಸದ ಲೆಕ್ಕ. ತಲೆಯಲ್ಲಿ ಏಳೆಂಟು ಸಂಗತಿ ಒಟ್ಟಿಗೆ ಹಿಡಿದುಕೊಂಡು ಕೋಡ್ ಬರೆಯುತ್ತಿದ್ದರೆ ಅವನ್ನೆಲ್ಲ ಮತ್ತೆ ಜೋಡಿಸಿಕೊಳ್ಳುವುದು ಒಂದು ನಿಮಿಷದ ಮಾತಲ್ಲ.

ಇನ್ನೂ ಒಂದು ಕಿರಿಕಿರಿ ಇದೆ. ಮೀಟಿಂಗ್‌ಗೆ ಹೋಗುವ ಎರಡು ನಿಮಿಷ ಮುಂಚೆ ಕೆಟ್ಟ ಮೇಲ್ ಓದಿದರೆ ಉತ್ತರ ಬರೆಯಲು ಹೊತ್ತಿಲ್ಲ, ಮರೆಯಲೂ ಆಗುವುದಿಲ್ಲ. ಇಡೀ ಮೀಟಿಂಗ್ ಆ ಮೇಲ್‌ಗೆ ಉತ್ತರ ಹೊಂದಿಸುವುದರಲ್ಲೇ ಹೋಗುತ್ತದೆ.

ಹಾಗಾದರೆ ದಿನಕ್ಕೆ ಎಷ್ಟು ಸಲ?

ಮೂರು ಸಲದಿಂದ ಶುರು ಮಾಡಿ. ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಕೋಸ್ಟಾಡಿನ್ ಕುಶ್ಲೆವ್ ಮತ್ತು ಎಲಿಜಬೆತ್ ಡನ್ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 124 ಜನ ಒಂದು ವಾರ ದಿನಕ್ಕೆ ಮೂರೇ ಸಲ, ಇನ್ನೊಂದು ವಾರ ಇಷ್ಟ ಬಂದಷ್ಟು ಸಲ ಮೇಲ್ ನೋಡಿದರು. ಮೂರು ಸಲದ ವಾರದಲ್ಲಿ ದಿನನಿತ್ಯದ ಒತ್ತಡ ಕಡಿಮೆ ಇತ್ತು. ಆದರೆ ಆ ಮಿತಿಯನ್ನು ಪಾಲಿಸುವುದೇ ಹಲವರಿಗೆ ಕಷ್ಟವಾಗಿತ್ತು. ಇಲ್ಲಿರುವ ಹಂತಗಳೆಲ್ಲ ಆ ಕಷ್ಟಕ್ಕಾಗಿಯೇ.

ಬೆಂಗಳೂರಿನ ಸಾಮಾನ್ಯ ಕಚೇರಿಗೆ ಹೊಂದುವ ವೇಳೆ: ಬೆಳಿಗ್ಗೆ 10:45, ಮಧ್ಯಾಹ್ನ 2:30, ಸಂಜೆ 5:30. ಪ್ರತಿ ಸಲ 25 ನಿಮಿಷ. ಬಂದ ಕೂಡಲೇ 9:30ಕ್ಕೆ ಬೇಡ. ಟ್ರಾಫಿಕ್ ದಾಟಿ ಬಂದು ಕಾಫಿ ಕುಡಿದ ಮೇಲಿನ ಆ ಒಂದು ಗಂಟೆಯಲ್ಲಿ ದಿನದ ಅತಿ ಕಷ್ಟದ ಕೆಲಸಕ್ಕೆ ಕೈಹಾಕಬಹುದು. ಆ ಗಂಟೆಯನ್ನು ಇನ್‌ಬಾಕ್ಸ್‌ಗೆ ಕೊಟ್ಟರೆ ಅಂದು ಏನು ಮಾಡಬೇಕೆನ್ನುವುದನ್ನು ಮೇಲ್ ಕಳಿಸಿದವರು ತೀರ್ಮಾನಿಸುತ್ತಾರೆ.

ನಮ್ಮ ಟೀಮ್ ಅಮೆರಿಕದಲ್ಲಿದೆ. ಮೂರು ಸಲ ಹೇಗೆ ಸಾಲುತ್ತದೆ?

ಗಡಿಯಾರ ತೆಗೆದು ನೋಡಿದರೆ ಅಮೆರಿಕದ ಮೇಲ್‌ಗೆ ಮೂರೂ ಬೇಕಾಗುವುದಿಲ್ಲ. ಕ್ಯಾಲಿಫೋರ್ನಿಯಾ ನಮಗಿಂತ ಬೇಸಿಗೆಯಲ್ಲಿ 12:30 ಗಂಟೆ, ಚಳಿಗಾಲದಲ್ಲಿ 13:30 ಗಂಟೆ ಹಿಂದೆ. ಬೇಸಿಗೆಯಲ್ಲಿ ಅಲ್ಲಿ ಸಂಜೆ 5:30ಕ್ಕೆ ಕೆಲಸ ಮುಗಿದಾಗ ಇಲ್ಲಿ ಬೆಳಿಗ್ಗೆ 6 ಗಂಟೆ. ನೀವು ಕಣ್ಣುಜ್ಜುತ್ತಾ 7 ಗಂಟೆಗೆ ಕಳಿಸಿದ ಉತ್ತರವನ್ನೂ, ಸಂಜೆ 7 ಗಂಟೆಗೆ ಕಳಿಸಿದ ಉತ್ತರವನ್ನೂ ಅವರು ಸಾಮಾನ್ಯವಾಗಿ ಓದುವುದು ಒಂದೇ ಹೊತ್ತಿನಲ್ಲಿ, ಅವರ ಮರುದಿನ ಬೆಳಿಗ್ಗೆ. ಹಗಲಿಡೀ ಆ ಥ್ರೆಡ್ (ಒಂದೇ ವಿಷಯದ ಮೇಲ್‌ಗಳ ಸರಣಿ) ತೆರೆದು ನೋಡುವುದರಿಂದ ಒಂದು ಅಕ್ಷರವೂ ಮುಂದೆ ಹೋಗದು.

ಬೆಳಿಗ್ಗೆ ಒಮ್ಮೆ ನೋಡಿ ಉತ್ತರ ಸಿದ್ಧ ಮಾಡಿ, ರಾತ್ರಿ 9ಕ್ಕೆ ಒಮ್ಮೆ 20 ನಿಮಿಷ ಕೂತರೆ ಸಾಕು. ಬೇಸಿಗೆಯಲ್ಲಾದರೆ ಆಗ ಕ್ಯಾಲಿಫೋರ್ನಿಯಾದಲ್ಲಿ ಬೆಳಿಗ್ಗೆ 8:30, ನ್ಯೂಯಾರ್ಕ್‌ನಲ್ಲಿ 11:30. ಹಗಲಿನ ಎರಡು ಸಲ ಇಲ್ಲಿಯ ಸಹೋದ್ಯೋಗಿಗಳ ಮೇಲ್‌ಗೆ. ಅಮೆರಿಕದ ಗಡಿಯಾರ ಮಾರ್ಚ್‌ನ ಎರಡನೇ ಭಾನುವಾರ ಮತ್ತು ನವೆಂಬರ್‌ನ ಮೊದಲ ಭಾನುವಾರ ಒಂದು ಗಂಟೆ ಸರಿಯುತ್ತದೆ. ಬ್ರಿಟನ್ನಿನದು ಮಾರ್ಚ್ ಮತ್ತು ಅಕ್ಟೋಬರ್‌ನ ಕೊನೆಯ ಭಾನುವಾರ. ಆ ವಾರಗಳಲ್ಲಿ ನಿಮ್ಮ ವೇಳೆ ತಪ್ಪಿ ಹಳೆಯ ಅಭ್ಯಾಸ ಮರಳುವುದು ಹೆಚ್ಚು. ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಡಿ. ಲಂಡನ್ ಜೊತೆ ಕೆಲಸವಿದ್ದರೆ ಮಧ್ಯಾಹ್ನ 2:30ರ ವೇಳೆಯೇ ಸರಿ, ಅವರು ಆಗತಾನೆ ಕೂತಿರುತ್ತಾರೆ.

ಮೊಟ್ಟಮೊದಲು ಏನು ಮಾಡಬೇಕು? ನೋಟಿಫಿಕೇಶನ್ ಆಫ್ ಮಾಡುವುದೇ?

ಅಲ್ಲ. ಹೆಚ್ಚಿನವರು ಎಡವುವುದು ಇಲ್ಲೇ. ತುರ್ತು ವಿಷಯ ಮೇಲ್‌ನಲ್ಲೇ ಬರುತ್ತದೆ ಎಂದಿರುವಾಗ ನೋಟಿಫಿಕೇಶನ್ ನಿಲ್ಲಿಸಿದರೆ ಹೆದರಿಕೆ ಇಮ್ಮಡಿಯಾಗಿ, ಮೊದಲಿಗಿಂತ ಹೆಚ್ಚು ಸಲ ಕೈಯಾರೆ ತೆರೆದು ನೋಡುತ್ತೀರಿ.

ಮೊದಲ ದಿನದ ಕೆಲಸ ಹೀಗಿರಲಿ. ಕಳೆದ ಎರಡು ವಾರದ ಸೆಂಟ್ ಫೋಲ್ಡರ್ ತೆರೆಯಿರಿ. ಒಂದು ಗಂಟೆಯೊಳಗೆ ಉತ್ತರಿಸದಿದ್ದರೆ ನಿಜಕ್ಕೂ ಏನಾದರೂ ಕೆಡುತ್ತಿತ್ತೇ ಎಂದು ಒಂದೊಂದಕ್ಕೂ ಕೇಳಿಕೊಂಡು, ಹೌದು ಎಂದವುಗಳನ್ನು ಮಾತ್ರ ಬರೆದಿಡಿ. ಆ ಪಟ್ಟಿಯಲ್ಲಿ ಇರುವ ಹೆಸರುಗಳು ಬೆರಳೆಣಿಕೆಯವು: ಮ್ಯಾನೇಜರ್, ಒಬ್ಬ ಕ್ಲೈಂಟ್, ಪ್ರೊಡಕ್ಷನ್ ನೋಡಿಕೊಳ್ಳುವವರು. ಅವರಿಗಷ್ಟೇ ಬೇರೆ ದಾರಿ ಹೇಳಿ. ಎಲ್ಲಕ್ಕಿಂತ ಒಳ್ಳೆಯದು ಫೋನ್ ಕರೆ. ಕರೆ ಮಾಡಲು ಯಾರಿಗಾದರೂ ಸ್ವಲ್ಪ ಸಂಕೋಚ ಇದ್ದೇ ಇರುತ್ತದೆ, ಅದೇ ಜರಡಿಯ ಕೆಲಸ ಮಾಡುತ್ತದೆ.

ಹೇಳುವ ಮಾತು ಚಿಕ್ಕದಾಗಿರಲಿ: ‘ಸರ್, ರಿಲೀಸ್ ಕೆಲಸಕ್ಕೆ ಬೆಳಿಗ್ಗೆ ಹೊತ್ತು ಮೇಲ್ ಮುಚ್ಚಿಟ್ಟಿರ್ತೀನಿ. ಅರ್ಜೆಂಟ್ ಇದ್ರೆ ಕಾಲ್ ಮಾಡಿ, ತಕ್ಷಣ ಎತ್ತುತ್ತೀನಿ.’ ಇಷ್ಟೇ. ಕಾರಣ ಕೆಲಸದ್ದಾಗಿರಬೇಕು, ನಿಮ್ಮ ಮನಶ್ಶಾಂತಿಯದ್ದಲ್ಲ. ‘ನಾನು ದಿನಕ್ಕೆ ಮೂರು ಸಲ ಮಾತ್ರ ಮೇಲ್ ನೋಡುತ್ತೇನೆ’ ಎಂಬ ಆಟೋ ರಿಪ್ಲೈಯನ್ನು ದಯವಿಟ್ಟು ಹಾಕಬೇಡಿ. ಓದಿದವರಿಗೆ ಅದು ದೌಲತ್ತು ಎನಿಸುತ್ತದೆ, ಮೇಲಾಗಿ ಪ್ರತಿ ಮೇಲ್‌ಗೆ ಇನ್ನೊಂದು ಮೇಲ್ ಹುಟ್ಟಿಸುತ್ತದೆ.

ಸರಿ, ಈಗ ನೋಟಿಫಿಕೇಶನ್. ಎಲ್ಲೆಲ್ಲಿ ನಿಲ್ಲಿಸಬೇಕು?

ನಿಲ್ಲಿಸಬೇಕಾದ ಜಾಗ ಒಂದಲ್ಲ, ಐದಾರು ಇವೆ. ಒಂದು ಉಳಿದರೂ ಅದೇ ನಿಮ್ಮನ್ನು ಎಳೆಯುತ್ತದೆ.

ಕಂಪ್ಯೂಟರಿನ ಜಿಮೇಲ್‌ನಲ್ಲಿ ಗೇರ್ ಗುರುತು, ಸೀ ಆಲ್ ಸೆಟ್ಟಿಂಗ್ಸ್, ಜನರಲ್. ಅಲ್ಲಿ ಡೆಸ್ಕ್‌ಟಾಪ್ ನೋಟಿಫಿಕೇಶನ್ಸ್ ಎಂಬಲ್ಲಿ ಮೇಲ್ ನೋಟಿಫಿಕೇಶನ್ಸ್ ಆಫ್ ಆರಿಸಿ. ಪುಟದ ತಳಕ್ಕೆ ಇಳಿದು ಸೇವ್ ಚೇಂಜಸ್ ಒತ್ತದಿದ್ದರೆ ಏನೂ ಬದಲಾಗುವುದಿಲ್ಲ, ಬಹಳ ಜನ ಮರೆಯುವುದು ಇದನ್ನೇ. ಬ್ರೌಸರಿನ ಟ್ಯಾಬ್ ಮೇಲೂ ಓದದ ಮೇಲ್‌ಗಳ ಸಂಖ್ಯೆ ಕಾಣುತ್ತದೆ, ಹಾಗಾಗಿ ಟ್ಯಾಬನ್ನೇ ಮುಚ್ಚಬೇಕು.

ಹಳೆಯ ಔಟ್‌ಲುಕ್‌ನಲ್ಲಿ ಫೈಲ್, ಆಪ್ಶನ್ಸ್, ಮೇಲ್‌ಗೆ ಹೋಗಿ ಮೆಸೇಜ್ ಅರೈವಲ್ ಎಂಬ ಭಾಗ ಹುಡುಕಿ. ಸದ್ದು, ಮೌಸ್ ಬಾಣದ ಬದಲಾವಣೆ, ಟಾಸ್ಕ್‌ಬಾರ್‌ನ ಲಕೋಟೆ ಗುರುತು, ಡೆಸ್ಕ್‌ಟಾಪ್ ಅಲರ್ಟ್ ಎಂದು ನಾಲ್ಕು ಟಿಕ್ ಇರುತ್ತವೆ. ನಾಲ್ಕನ್ನೂ ತೆಗೆಯಿರಿ. ಅಲರ್ಟ್ ಒಂದನ್ನೇ ತೆಗೆದು ಲಕೋಟೆ ಬಿಟ್ಟವರು ದಿನವಿಡೀ ಪರದೆಯ ಮೂಲೆ ನೋಡುತ್ತಿರುತ್ತಾರೆ. ಹೊಸ ಔಟ್‌ಲುಕ್‌ನಲ್ಲಿ ಇದು ಸೆಟ್ಟಿಂಗ್ಸ್, ಜನರಲ್, ನೋಟಿಫಿಕೇಶನ್ಸ್‌ನಲ್ಲಿದೆ.

ಫೋನಿನ ಜಿಮೇಲ್ ಆ್ಯಪ್‌ನಲ್ಲಿ ಮೆನು, ಸೆಟ್ಟಿಂಗ್ಸ್, ನಿಮ್ಮ ಖಾತೆ, ನೋಟಿಫಿಕೇಶನ್ಸ್, ನನ್. ಎರಡು ಖಾತೆ ಇದ್ದರೆ ಎರಡಕ್ಕೂ ಬೇರೆ ಬೇರೆ ಮಾಡಬೇಕು. ಐಫೋನ್‌ನಲ್ಲಿ ಸೆಟ್ಟಿಂಗ್ಸ್‌ನ ನೋಟಿಫಿಕೇಶನ್ಸ್ ಒಳಗೆ ಆ ಆ್ಯಪ್‌ನ ಬ್ಯಾಡ್ಜಸ್ ಕೂಡ ತೆಗೆಯಿರಿ. ಆ ಕೆಂಪು ಚುಕ್ಕೆ ಸದ್ದು ಮಾಡದಿದ್ದರೂ ಸದ್ದಿಗಿಂತ ಗಟ್ಟಿ. ಸ್ಮಾರ್ಟ್ ವಾಚ್ ಕಟ್ಟಿದ್ದರೆ ಅದರ ಸೆಟ್ಟಿಂಗ್ಸ್ ಬೇರೆಯೇ ಇರಬಹುದು, ಅಲ್ಲೂ ನೋಡಿ. ಕೊನೆಗೆ ಆ್ಯಪ್‌ನ ಐಕಾನನ್ನು ಮೊದಲ ಪರದೆಯಿಂದ ಸರಿಸಿ. ಬೆರಳು ನೆನಪಿನಿಂದಲೇ ಅಲ್ಲಿಗೆ ಹೋಗುತ್ತದೆ.

ಒಂದನ್ನು ಮಾತ್ರ ಆಫ್ ಮಾಡಬಾರದು: ಕ್ಯಾಲೆಂಡರ್‌ನ ಜ್ಞಾಪನೆ. ಉತ್ಸಾಹದಲ್ಲಿ ಅದನ್ನೂ ನಿಲ್ಲಿಸಿ ಒಂದು ಮೀಟಿಂಗ್ ತಪ್ಪಿತೋ, ಇಡೀ ಪ್ರಯತ್ನ ಅಲ್ಲಿಗೆ ಮುಗಿಯುತ್ತದೆ.

ಮ್ಯಾನೇಜರ್ ಕರೆ ಮಾಡುವವರಲ್ಲ. ಮೇಲ್ ಕಳಿಸಿ ಹತ್ತು ನಿಮಿಷದಲ್ಲಿ ಉತ್ತರ ಬೇಕೆನ್ನುತ್ತಾರೆ.

ಅವರೊಬ್ಬರಿಗೆ ಕಿಟಕಿ ತೆರೆದಿಡಿ. ಐಫೋನ್‌ನ ಮೇಲ್ ಆ್ಯಪ್‌ನಲ್ಲಿ ಅವರನ್ನು ವಿಐಪಿ ಮಾಡಿ, ವಿಐಪಿಗೆ ಮಾತ್ರ ನೋಟಿಫಿಕೇಶನ್ ಕೊಡಬಹುದು. ಔಟ್‌ಲುಕ್‌ನಲ್ಲಿ ಅವರ ಮೇಲ್ ಮೇಲೆ ಬಲ ಕ್ಲಿಕ್ ಮಾಡಿ ರೂಲ್ ಮಾಡಿ, ಅಲರ್ಟ್ ಆರಿಸಿ. ಆಂಡ್ರಾಯ್ಡ್ ಜಿಮೇಲ್‌ನಲ್ಲಿ ಸ್ವಲ್ಪ ಸುತ್ತು: ಕಂಪ್ಯೂಟರ್‌ನಲ್ಲಿ ಅವರ ವಿಳಾಸಕ್ಕೆ ಫಿಲ್ಟರ್ ಮಾಡಿ ಒಂದು ಲೇಬಲ್ ಅಂಟಿಸಿ, ಫೋನ್‌ನಲ್ಲಿ ಖಾತೆಯ ಸೆಟ್ಟಿಂಗ್ಸ್, ಮ್ಯಾನೇಜ್ ಲೇಬಲ್ಸ್‌ಗೆ ಹೋಗಿ ಆ ಲೇಬಲ್ಲನ್ನು ಮೊದಲು ಸಿಂಕ್ ಮಾಡಿ, ಬಳಿಕ ಲೇಬಲ್ ನೋಟಿಫಿಕೇಶನ್ಸ್ ಆನ್ ಮಾಡಿ. ಸಿಂಕ್ ಮಾಡದಿದ್ದರೆ ನೋಟಿಫಿಕೇಶನ್ ಆಯ್ಕೆ ಸಿಗುವುದಿಲ್ಲ. ಈ ದಾರಿಯಲ್ಲಿ ಹೋದರೆ ಖಾತೆಯ ನೋಟಿಫಿಕೇಶನ್ ‘ನನ್’ ಆಗಿರಬಾರದು. ‘ಆಲ್’ ಇಟ್ಟು, ಪ್ರೈಮರಿ ಅಥವಾ ಇನ್‌ಬಾಕ್ಸ್ ಲೇಬಲ್‌ನದನ್ನು ಮಾತ್ರ ತೆಗೆಯಿರಿ.

ಹೀಗೆ ಇಬ್ಬರಿಗಿಂತ ಹೆಚ್ಚು ಜನಕ್ಕೆ ಮಾಡಬೇಡಿ. ಐದನೇ ಹೆಸರು ಸೇರಿಸುವಷ್ಟರಲ್ಲಿ ಎಲ್ಲಿಂದ ಹೊರಟಿದ್ದಿರೋ ಅಲ್ಲಿಗೇ ಬಂದಿರುತ್ತೀರಿ.

ಮೂರು ವಾರ ಹೀಗೆ ನಡೆಸಿ, ಕೆಲಸವೇನೂ ನಿಂತಿಲ್ಲ ಎಂದು ಅವರಿಗೂ ಕಂಡ ಮೇಲೆ, ಉತ್ತರ ಎಷ್ಟು ಹೊತ್ತಿನಲ್ಲಿ ಬೇಕೆಂದು ನೇರವಾಗಿ ಕೇಳಿ. ‘ಇವತ್ತು ಸಂಜೆಯೊಳಗೆ ಸಾಕು’ ಎನ್ನುವವರೇ ಜಾಸ್ತಿ. ಕೆಲವರು ಎನ್ನುವುದಿಲ್ಲ. ಅಂಥವರ ಕೆಳಗೆ ಇರುವಷ್ಟು ದಿನ ಈ ಕಿಟಕಿಯೇ ಗತಿ.

ಮೇಲ್ ಮುಚ್ಚಿಟ್ಟರೂ ಹಳೆಯ ಅಟ್ಯಾಚ್‌ಮೆಂಟ್ ಹುಡುಕಲು, ಯಾರಿಗೋ ಕಳಿಸಲು ತೆರೆಯಲೇಬೇಕಲ್ಲ?

ಸರಿಯಾದ ಪ್ರಶ್ನೆ. ಮುಚ್ಚಬೇಕೆಂದವರು ಮತ್ತೆ ಸಿಕ್ಕಿಬೀಳುವ ದೊಡ್ಡ ಗುಂಡಿ ಇದು. ಒಂದು ಪಿಒ (ಪರ್ಚೇಸ್ ಆರ್ಡರ್) ನಂಬರ್ ನೋಡಲು ಹೋದವರು ಮೇಲಿನ ಮೂರು ದಪ್ಪಕ್ಷರದ ಸಾಲು ಕಂಡು, ಅರ್ಧ ಗಂಟೆ ಬಿಟ್ಟು ಪಿಒ ನಂಬರ್ ಇಲ್ಲದೆ ಹೊರಬರುತ್ತಾರೆ.

ಹಳೆಯ ಔಟ್‌ಲುಕ್‌ಗೆ ಒಳ್ಳೆಯ ಪರಿಹಾರವಿದೆ. ಸೆಂಡ್ ರಿಸೀವ್ ಟ್ಯಾಬ್‌ನಲ್ಲಿ ವರ್ಕ್ ಆಫ್‌ಲೈನ್ ಒತ್ತಿದರೆ ಹಳೆಯದೆಲ್ಲ ಸಿಗುತ್ತದೆ, ಹೊಸದು ಬರುವುದಿಲ್ಲ. ನೀವು ಬರೆದದ್ದು ಔಟ್‌ಬಾಕ್ಸ್‌ನಲ್ಲೇ ಕೂತಿರುತ್ತದೆ ಎಂಬುದು ನೆನಪಿರಲಿ; ಮತ್ತೆ ಒತ್ತುವುದನ್ನು ಮರೆತು ಮನೆಗೆ ಹೋದರೆ ಮೇಲ್ ಹೋಗಿರುವುದಿಲ್ಲ. ಜೊತೆಗೆ ಫೈಲ್, ಆಪ್ಶನ್ಸ್, ಅಡ್ವಾನ್ಸ್ಡ್‌ನಲ್ಲಿ ಔಟ್‌ಲುಕ್ ತೆರೆದಾಗ ಇನ್‌ಬಾಕ್ಸ್ ಬದಲು ಕ್ಯಾಲೆಂಡರ್ ಬರುವಂತೆ ಮಾಡಿ. ಎರಡು ನಿಮಿಷದ ಕೆಲಸ, ಫಲ ದೊಡ್ಡದು.

ಜಿಮೇಲ್‌ನಲ್ಲಿ, ಫೋನ್ ಆ್ಯಪ್‌ನ ಐಕಾನ್ ಮೇಲೆ ಬೆರಳು ಒತ್ತಿ ಹಿಡಿದರೆ ಕಂಪೋಸ್ ಎಂಬ ಆಯ್ಕೆ ಬರುತ್ತದೆ. ಇನ್‌ಬಾಕ್ಸ್ ದಾಟದೆ ಹೊಸ ಮೇಲ್ ಬರೆಯಬಹುದು. ಕಂಪ್ಯೂಟರ್‌ನಲ್ಲಿ ಇನ್‌ಬಾಕ್ಸ್ ಬದಲು ಸ್ಟಾರ್ ಹಾಕಿದವುಗಳ ಪುಟವನ್ನು ಬುಕ್‌ಮಾರ್ಕ್ ಮಾಡಿ ಅಲ್ಲಿಂದಲೇ ಹುಡುಕಿ. ಇವೆಲ್ಲಕ್ಕಿಂತ ಸುಲಭವೆಂದರೆ, ಮತ್ತೆ ಮತ್ತೆ ಬೇಕಾಗುವ ಫೈಲುಗಳನ್ನು ಮೇಲ್‌ನಲ್ಲಿ ಬಿಡದೆ ಡ್ರೈವ್‌ನ ಅಥವಾ ಕಂಪ್ಯೂಟರಿನ ಒಂದು ಫೋಲ್ಡರ್‌ಗೆ ಹಾಕಿಕೊಳ್ಳುವುದು.

25 ನಿಮಿಷದಲ್ಲಿ ಎಲ್ಲ ಮುಗಿಯುವುದಿಲ್ಲ.

ಎಲ್ಲ ಮುಗಿಸಬೇಕಾಗಿಲ್ಲ. ಎಲ್ಲದಕ್ಕೂ ಒಂದು ತೀರ್ಮಾನ ಸಿಕ್ಕರೆ ಸಾಕು. ಮೊದಲ ಐದು ನಿಮಿಷ ಉತ್ತರ ಬರೆಯಲೇಬೇಡಿ. ವಿಷಯದ ಸಾಲು ನೋಡುತ್ತಾ ಬೇಡದ್ದನ್ನು ಆರ್ಕೈವ್ ಮಾಡಿ. ಉದ್ದದ ಥ್ರೆಡ್ ಇದ್ದರೆ ಕೊನೆಯ ಮೇಲ್ ಮೊದಲು ಓದಿ, ನಿಮಗೆ ಕೇಳಿದ್ದ ಪ್ರಶ್ನೆಗೆ ಇನ್ಯಾರೋ ಉತ್ತರ ಕೊಟ್ಟಿರುವುದು ಉಂಟು. ಆಮೇಲಿನ ಹದಿನೈದು ನಿಮಿಷ ಎರಡು ನಿಮಿಷದೊಳಗೆ ಉತ್ತರಿಸಬಹುದಾದವಕ್ಕೆ. ಉಳಿದದ್ದು ಮೇಲ್ ಅಲ್ಲ, ಕೆಲಸ. ಅದಕ್ಕೆ ಕ್ಯಾಲೆಂಡರ್‌ನಲ್ಲಿ ಹೊತ್ತು ಕೊಟ್ಟು, ಕಳಿಸಿದವರಿಗೆ ‘ಗುರುವಾರ ಕೊಡುತ್ತೇನೆ’ ಎಂದು ಒಂದು ಸಾಲು ಬರೆಯಿರಿ. ಈ ಒಂದು ಸಾಲು ಎಷ್ಟೋ ಜ್ಞಾಪನೆಯ ಮೇಲ್‌ಗಳನ್ನು ತಡೆಯುತ್ತದೆ.

ಮಾಡಬೇಕಾದದ್ದನ್ನು ‘ಓದದ್ದು’ ಎಂದು ಮತ್ತೆ ಗುರುತು ಹಾಕಿ ಬಿಡುವ ಪದ್ಧತಿ ಬಿಡಿ. ಓದದ ಮೇಲ್‌ಗಳ ಸಂಖ್ಯೆ ಎಂದೂ ಸೊನ್ನೆಯಾಗುವುದಿಲ್ಲ. ಹೊಸದು ಯಾವುದು, ಹಳೆಯದು ಯಾವುದು ತಿಳಿಯದೆ ಮತ್ತೆ ಮತ್ತೆ ತೆರೆಯುತ್ತೀರಿ. ಜಿಮೇಲ್‌ನ ಸ್ನೂಜ್ ಇದಕ್ಕಾಗಿಯೇ ಇದೆ, ಆರಿಸಿದ ದಿನ ಮತ್ತು ಹೊತ್ತಿಗೆ ಮೇಲ್ ತಾನಾಗಿ ಮೇಲೆ ಬರುತ್ತದೆ.

ಬರುವ ಮೇಲ್‌ಗಳೇ ಕಡಿಮೆಯಾಗಲು ಏನು ಮಾಡಬೇಕು?

ಔಟ್‌ಲುಕ್‌ನಲ್ಲಿ ನಿಮ್ಮ ಹೆಸರು ಸಿಸಿಯಲ್ಲಿ ಮಾತ್ರ ಇರುವ ಮೇಲ್‌ಗಳನ್ನು ಬೇರೆ ಫೋಲ್ಡರ್‌ಗೆ ಸರಿಸುವ ರೂಲ್ ಮಾಡಿ. ಆ ಫೋಲ್ಡರ್ ದಿನಕ್ಕೊಮ್ಮೆ, ಸಂಜೆ. ಜಿಮೇಲ್‌ನಲ್ಲಿ ‘ಅನ್‌ಸಬ್‌ಸ್ಕ್ರೈಬ್’ ಎಂಬ ಇಂಗ್ಲಿಷ್ ಪದವಿರುವ ಮೇಲ್‌ಗಳಿಗೆಲ್ಲ ಫಿಲ್ಟರ್ ಹಾಕಿ ಸ್ಕಿಪ್ ದ ಇನ್‌ಬಾಕ್ಸ್ ಆರಿಸುವ ಉಪಾಯ ಚೆನ್ನಾಗಿ ನಡೆಯುತ್ತದೆ, ಆದರೆ ಬ್ಯಾಂಕ್ ಮತ್ತು ಟಿಕೆಟ್ ಮೇಲ್‌ಗಳಲ್ಲೂ ಆ ಪದ ಇರಬಹುದು. ಮೊದಲ ಎರಡು ವಾರ ಆ ಲೇಬಲ್ಲನ್ನು ದಿನಾ ಒಮ್ಮೆ ನೋಡಿ, ಬೇಕಾದ ವಿಳಾಸಗಳನ್ನು ಫಿಲ್ಟರ್‌ನಿಂದ ಹೊರಗಿಡಿ.

ನೀವು ಕಳಿಸುವುದೂ ಕಡಿಮೆಯಾಗಲಿ. ‘ಯಾವಾಗ ಸಿಗೋಣ?’ ಎಂದು ಬರೆದರೆ ಕನಿಷ್ಠ ನಾಲ್ಕು ಮೇಲ್. ‘ಬುಧವಾರ 3ಕ್ಕೆ ಸಿಗೋಣ, ಆಗದಿದ್ದರೆ ಗುರುವಾರ 11ಕ್ಕೆ, ಯಾವುದೆಂದು ತಿಳಿಸಿ’ ಎಂದರೆ ಎರಡು. ಮೂವತ್ತು ಜನರಿಗೆ ರಿಪ್ಲೈ ಆಲ್ ಮಾಡಿ ‘ಥ್ಯಾಂಕ್ಸ್’ ಎನ್ನುವವರ ಬಗ್ಗೆ ಇಲ್ಲಿ ಏನೂ ಹೇಳದಿರುವುದೇ ಮೇಲು.

ಇನ್‌ಕಮ್ ಟ್ಯಾಕ್ಸ್, ಬ್ಯಾಂಕ್, ಒಟಿಪಿ ಮೇಲ್ ತಪ್ಪಿಹೋದರೆ?

ಒಟಿಪಿ ನೀವು ಕೇಳಿದಾಗಲೇ ಬರುವುದು, ಆಗ ತೆರೆಯುತ್ತೀರಿ. ತೆರೆದು, ಅಂಕಿ ತೆಗೆದುಕೊಂಡು, ಮುಚ್ಚಿ. ಆದಾಯ ತೆರಿಗೆ ರಿಟರ್ನ್ ಸಂಸ್ಕರಿಸುವ ಕೇಂದ್ರ ನಮ್ಮ ಬೆಂಗಳೂರಿನಲ್ಲೇ ಇದೆ; ಅಲ್ಲಿಂದ ಸೆಕ್ಷನ್ 143(1)ರ ಅಡಿ ಲೆಕ್ಕದಲ್ಲಿ ಹೊಂದಾಣಿಕೆ ಮಾಡುತ್ತೇವೆಂಬ ಸೂಚನೆ ಬಂದರೆ ಉತ್ತರಕ್ಕೆ 30 ದಿನವಿದೆ. ರಿಟರ್ನ್ ಸಲ್ಲಿಸಿ ಇ-ವೆರಿಫೈ ಮಾಡಲೂ 30 ದಿನ. ಇಂಥ ಮೇಲ್ ಮೂರು ಗಂಟೆ ತಡವಾಗಿ ಕಂಡರೆ ಏನೂ ಆಗುವುದಿಲ್ಲ. ಬೆಚ್ಚಿಬೀಳಿಸುವ ಧಾಟಿಯಲ್ಲಿ ‘ಇಂದೇ ಕ್ಲಿಕ್ ಮಾಡಿ, ಖಾತೆ ಬಂದ್ ಆಗುತ್ತದೆ’ ಎಂದು ಬರೆದಿದ್ದರೆ ಅದು ಮೋಸದ್ದೇ ಇರುವ ಸಾಧ್ಯತೆ ಹೆಚ್ಚು. ಅವಸರದಲ್ಲಿ ಫೋನ್‌ನಲ್ಲಿ ನೋಡುವವರೇ ಅಂಥದ್ದಕ್ಕೆ ಬಲಿಯಾಗುವುದು.

ಮೆಟ್ರೋದಲ್ಲಿ, ಸಿಗ್ನಲ್‌ನಲ್ಲಿ ಸುಮ್ಮನೆ ಕೂರುವ ಬದಲು ನೋಡಿದರೆ ತಪ್ಪೇನು?

ದ್ವಿಚಕ್ರ ವಾಹನದಲ್ಲಿ, ಸ್ಟೇರಿಂಗ್ ಹಿಂದೆ: ಬೇಡ, ಸಿಲ್ಕ್ ಬೋರ್ಡ್‌ನಲ್ಲಿ ಎಷ್ಟೇ ಹೊತ್ತು ನಿಂತಿದ್ದರೂ ಬೇಡ. ಕ್ಯಾಬ್‌ನ ಹಿಂದಿನ ಸೀಟಿನಲ್ಲಿ ಕೂತು, ಲ್ಯಾಪ್‌ಟಾಪ್ ತೆರೆದು, ಉತ್ತರವನ್ನೂ ಬರೆಯುತ್ತೀರಾದರೆ ಅದನ್ನೇ ದಿನದ ಒಂದು ವೇಳೆಯಾಗಿ ಎಣಿಸಿ. ಔಟರ್ ರಿಂಗ್ ರೋಡಿನಲ್ಲಿ ಓಡಾಡುವವರಿಗೆ ಅದು ಒಳ್ಳೆಯ ಏರ್ಪಾಡೇ. ಮೆಟ್ರೋದಲ್ಲಿ ನಿಂತು ಒಂದು ಕೈಯಲ್ಲಿ ಓದಿದ ಮೇಲ್‌ಗೆ ಉತ್ತರ ಬರೆಯಲು ಆಗುವುದಿಲ್ಲ, ಕಚೇರಿಗೆ ಹೋಗಿ ಮತ್ತೆ ಓದಬೇಕು. ಒಂದೇ ಮೇಲ್ ಎರಡು ಸಲ ಓದಿದ್ದಾಯಿತು, ನಡುವಿನ ದಾರಿಯೆಲ್ಲ ಅದರ ಯೋಚನೆಯೂ ಆಯಿತು. ಮೆಜೆಸ್ಟಿಕ್‌ನಿಂದ ವೈಟ್‌ಫೀಲ್ಡ್‌ವರೆಗಿನ ಹೊತ್ತಿಗೆ ಫೋನಿನಲ್ಲಿ ಬೇರೇನಾದರೂ ಇಳಿಸಿಟ್ಟುಕೊಳ್ಳಿ. ಖಾಲಿ ಕೈ ಹಳೆಯ ಜಾಗಕ್ಕೇ ಹೋಗುತ್ತದೆ.

ರಾತ್ರಿ ಮಲಗುವ ಮುಂಚೆ, ಎದ್ದ ಕೂಡಲೇ ನೋಡುವುದು ಬಿಡಲಾಗುತ್ತಿಲ್ಲ.

ಅಲಾರಂ ಫೋನ್‌ನಲ್ಲಿದೆಯೇ? ಹಾಗಿದ್ದರೆ ಬೆಳಿಗ್ಗೆ ಮೊದಲು ಮುಟ್ಟುವುದು ಫೋನನ್ನೇ. ಅಂಗಡಿಯಲ್ಲಿ ಸಿಗುವ ಸಾದಾ ಅಲಾರಂ ಗಡಿಯಾರ ತಂದು, ಫೋನನ್ನು ಹಾಲ್‌ನಲ್ಲಿ ಚಾರ್ಜ್‌ಗೆ ಹಾಕಿ, ರಿಂಗರ್ ಮಾತ್ರ ಜೋರಾಗಿಡಿ. ತುರ್ತು ಕರೆ ಕೇಳಿಸುತ್ತದೆ. ಕಂಪನಿಯವರು ಫೋನಿನಲ್ಲಿ ವರ್ಕ್ ಪ್ರೊಫೈಲ್ ಹಾಕಿಕೊಟ್ಟಿದ್ದರೆ ಆಂಡ್ರಾಯ್ಡ್‌ನಲ್ಲಿ ಅದನ್ನು ತಾತ್ಕಾಲಿಕವಾಗಿ ನಿಲ್ಲಿಸಬಹುದು (ಪಾಜ್). ಆಗ ಆಫೀಸಿನ ಆ್ಯಪ್‌ಗಳೆಲ್ಲ ಒಟ್ಟಿಗೆ ಮಲಗುತ್ತವೆ, ಮನೆಯ ವಾಟ್ಸ್ಯಾಪ್ ಎಚ್ಚರವಿರುತ್ತದೆ.

ಕಾನೂನಿನ ನೆರವು ಕೇಳಬೇಡಿ. ಫ್ರಾನ್ಸ್‌ನಲ್ಲಿ 2017ರ ಜನವರಿಯಿಂದ, ಆಸ್ಟ್ರೇಲಿಯಾದಲ್ಲಿ 2024ರ ಆಗಸ್ಟ್‌ನಿಂದ ಕೆಲಸದ ಹೊತ್ತಿನ ಆಚೆ ಸಂಪರ್ಕದಿಂದ ದೂರವಿರುವ ಹಕ್ಕು ಇದೆ. ನಮ್ಮಲ್ಲಿ ಸಂಸದೆ ಸುಪ್ರಿಯಾ ಸುಳೆ 2018ರಲ್ಲಿ ಲೋಕಸಭೆಯಲ್ಲಿ ಖಾಸಗಿ ಮಸೂದೆ ಮಂಡಿಸಿದ್ದರು, ಅದು ಕಾನೂನಾಗಲಿಲ್ಲ.

ಮೇಲ್ ಬಿಟ್ಟೆ, ಈಗ ಟೀಮ್ಸ್ ಆ್ಯಪ್‌ನ ಚಾಟ್ ನೋಡುತ್ತಿರುತ್ತೇನೆ.

ಕಾಯಿಲೆ ಅದೇ, ಕೋಣೆ ಬೇರೆ. ಮೇಲ್‌ಗೆ ಇಟ್ಟ ವೇಳೆಗೇ ಚಾಟ್‌ನ್ನೂ ಕಟ್ಟಿ. ನಡುವೆ ಡು ನಾಟ್ ಡಿಸ್ಟರ್ಬ್. ತುರ್ತಿಗೆ ಕರೆ ಎಂದು ಹೇಳಿದ್ದು ಇದಕ್ಕೂ ಅನ್ವಯ. ಚಾಟ್‌ನ್ನೇ ತುರ್ತಿನ ದಾರಿ ಮಾಡಿಕೊಂಡವರು ಒಂದು ತಿಂಗಳಲ್ಲಿ ಈ ಪ್ರಶ್ನೆ ಕೇಳುತ್ತಾರೆ.

ಸಪೋರ್ಟ್‌ನಲ್ಲಿದ್ದೇನೆ. ಕ್ಷಣಕ್ಷಣವೂ ನೋಡುವುದೇ ನನ್ನ ಕೆಲಸ.

ಆನ್‌ಕಾಲ್ ಇರುವ ದಿನ ನೋಡಿ, ಅದಕ್ಕೇ ಸಂಬಳ. ಟಿಕೆಟ್‌ನ (ಬಂದ ದೂರುಗಳ) ಕ್ಯೂ ನೋಡುವುದು ಬೇರೆ, ನಿಮ್ಮ ಸ್ವಂತ ಇನ್‌ಬಾಕ್ಸ್ ನೋಡುವುದು ಬೇರೆ. ಎರಡನ್ನೂ ಒಂದೇ ಕಿಟಕಿಯಲ್ಲಿ ಇಡಬೇಡಿ. ಸರದಿ ಇಲ್ಲದ ದಿನಗಳಿಗೆ ಮೇಲಿನದೆಲ್ಲ ಹೊಂದುತ್ತದೆ.

ಶುರು ಮಾಡಿದ ಮೇಲೆ ಎಷ್ಟು ದಿನ ಚಡಪಡಿಕೆ?

ಮೊದಲ ದಿನ ಉತ್ಸಾಹವಿರುತ್ತದೆ. ಎರಡು, ಮೂರನೇ ದಿನ ಕಷ್ಟ. ನೇರ ಮೂರು ಸಲಕ್ಕೆ ಇಳಿಯಲಾಗದವರು ಮೊದಲ ಮೂರು ದಿನ ಗಂಟೆಗೊಮ್ಮೆ, ಆಮೇಲಿನ ವಾರ ಎರಡು ಗಂಟೆಗೊಮ್ಮೆ, ಬಳಿಕ ಮೂರು ಸಲ ಎಂದು ಇಳಿಸಿ. ಕೈ ಹೋದಾಗ ಬೈದುಕೊಳ್ಳದೆ, ಕಾಗದದ ಮೇಲೆ ಏನು ನೋಡಬೇಕೆನಿಸಿತು ಎಂದು ಬರೆದು ಮುಂದಿನ ವೇಳೆಗೆ ಬಿಡಿ. ಆ ಪಟ್ಟಿಯ ಅರ್ಧ, ವೇಳೆ ಬರುವಷ್ಟರಲ್ಲಿ ಬೇಡವಾಗಿರುತ್ತದೆ.

ಅಮೆರಿಕದಲ್ಲಿ ಗ್ಲೋರಿಯಾ ಮಾರ್ಕ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 13 ನೌಕರರಿಗೆ ಐದು ಕೆಲಸದ ದಿನ ಮೇಲ್ ಪೂರ್ತಿ ಕಡಿತ ಮಾಡಲಾಗಿತ್ತು. ಅವರು ಒಂದೊಂದು ಕೆಲಸದಲ್ಲಿ ಹೆಚ್ಚು ಹೊತ್ತು ನಿಂತರು, ಹೃದಯ ಬಡಿತದ ಅಳತೆಯಲ್ಲೂ ಒತ್ತಡ ಇಳಿದದ್ದು ಕಂಡಿತು. 13 ಜನ ಎಂದರೆ ಚಿಕ್ಕ ಗುಂಪು, ಇದನ್ನೇ ವೇದವಾಕ್ಯ ಮಾಡಿಕೊಳ್ಳಬೇಕಿಲ್ಲ. ಐದು ದಿನ ಮೇಲೇ ಇಲ್ಲದೆಯೂ ಕೆಲಸ ನಡೆಯಿತು ಎನ್ನುವಷ್ಟನ್ನು ಗಮನಿಸಿ.

ರಿಲೀಸ್ ವಾರ, ಅಪ್ರೈಸಲ್ ತಿಂಗಳು, ಮಾರ್ಚ್ ಕೊನೆಯ ಲೆಕ್ಕ: ಈ ಮೂರು ಹೊತ್ತಿನಲ್ಲಿ ಅಭ್ಯಾಸ ಮರಳಿಯೇ ಮರಳುತ್ತದೆ. ಆಗ ವೇಳೆಯನ್ನು ಐದಕ್ಕೆ ಏರಿಸಿ, ಬಾಗಿಲು ಪೂರ್ತಿ ತೆಗೆಯಬೇಡಿ. ಆ ವಾರ ಮುಗಿದ ಮರುದಿನವೇ ಮೂರಕ್ಕೆ ಇಳಿಸಿ.

ಇನ್‌ಬಾಕ್ಸ್‌ನಲ್ಲಿ ಈಗಾಗಲೇ 14,000 ಇವೆ.

30 ದಿನಕ್ಕಿಂತ ಹಳೆಯದನ್ನೆಲ್ಲ ಆರ್ಕೈವ್ ಮಾಡಿ. ಜಿಮೇಲ್‌ನಲ್ಲಿ ಹುಡುಕಿ ಬಂದ ಪಟ್ಟಿಯ ಮೇಲಿನ ಚೌಕ ಒತ್ತಿದರೆ ಆ ಪುಟದವು ಮಾತ್ರ ಆಯ್ಕೆಯಾಗುತ್ತವೆ. ಹುಡುಕಾಟಕ್ಕೆ ಸಿಕ್ಕ ಎಲ್ಲವನ್ನೂ ಆರಿಸುವ ಸಾಲು ಅದರ ಮೇಲೆ ಕಾಣುತ್ತದೆ, ಅದನ್ನು ಒತ್ತಬೇಕು. ಆರ್ಕೈವ್ ಎಂದರೆ ಅಳಿಸುವುದಲ್ಲ, ಹುಡುಕಿದರೆ ಸಿಗುತ್ತದೆ. ಹಾಗೆಯೇ ಜಾಗವೂ ಉಳಿಯುವುದಿಲ್ಲ, ಉಚಿತ ಖಾತೆಯ 15 ಜಿಬಿ ತುಂಬಿದ್ದರೆ ಅಳಿಸಲೇಬೇಕು.

ಹಬ್ಬಕ್ಕೆ ಊರಿಗೆ ಹೋಗುತ್ತೇನೆ. ರಜೆಯಲ್ಲಿ ನೋಡದಿದ್ದರೆ ಬಂದ ಮೇಲೆ ರಾಶಿ ಬಿದ್ದಿರುತ್ತದೆ.

ರಾಶಿ ನೀವು ನೋಡಿದರೂ ಬೀಳುತ್ತದೆ, ಊರಿನಲ್ಲಿ ಕೂತು ಉತ್ತರ ಕೊಟ್ಟರೆ ಇನ್ನಷ್ಟು ಬೆಳೆಯುತ್ತದೆ. ಔಟ್ ಆಫ್ ಆಫೀಸ್‌ನಲ್ಲಿ ಮರಳುವ ದಿನಾಂಕವನ್ನು ಒಂದು ದಿನ ಮುಂದೆ ಹಾಕಿ. ಸೋಮವಾರ ಬರುವವರು ಮಂಗಳವಾರ ಎನ್ನಿ. ನಿಮ್ಮ ಬದಲು ಯಾರನ್ನು ಕೇಳಬೇಕೆಂದು ಹೆಸರು ಕೊಡಿ, ಅವರಿಗೆ ಮೊದಲೇ ಹೇಳಿರಿ. ಸೋಮವಾರ ಬೆಳಿಗ್ಗೆ ಕ್ಯಾಲೆಂಡರ್‌ನಲ್ಲಿ 90 ನಿಮಿಷ ಕಾದಿರಿಸಿ. ಹಳೆಯ ಔಟ್‌ಲುಕ್‌ನಲ್ಲಿ ಹೋಮ್ ಟ್ಯಾಬ್‌ನ ಕ್ಲೀನ್ ಅಪ್ ಫೋಲ್ಡರ್ ಒತ್ತಿದರೆ, ನಂತರದ ಉತ್ತರದೊಳಗೆ ಪೂರ್ತಿ ಅಡಗಿರುವ ಹಳೆಯ ಮೇಲ್‌ಗಳೆಲ್ಲ ಡಿಲೀಟೆಡ್ ಐಟಮ್ಸ್‌ಗೆ ಹೋಗಿ ರಾಶಿ ಸಣ್ಣದಾಗುತ್ತದೆ. ಉಳಿದದ್ದನ್ನು ಕಳಿಸಿದವರ ಹೆಸರಿನ ಪ್ರಕಾರ ಜೋಡಿಸಿ, ನಿಮ್ಮ ಪಟ್ಟಿಯ ಆ ನಾಲ್ಕೈದು ಹೆಸರುಗಳಿಂದ ಶುರು ಮಾಡಿ.